ವಿಸಿ ಐತ್ರಿ, ತಬಲಾ ಮ್ಯೂಟ್ ಮಾಡ್ರಿ

ರಾಯಚೂರಿನ ಯಾವ ಕಚೇರಿಗೆ ಹೋಗಿ ‘ಸಾಹೇಬ್ರು ಅದಾರೇನ್ರಿ’ ಅಂತ ಕೇಳಿದರೂ ಉತ್ತರ ಒಂದೇ: ‘ವಿಸಿ ಐತ್ರಿ.’ ಅಂದರೆ ವಿಡಿಯೊ ಕಾನ್ಫರೆನ್ಸ್. ಬರಕ್ಕೂ ವಿಸಿ, ನೆರೆಗೂ ವಿಸಿ, ಹೋದ ವಿಸಿಯಲ್ಲಿ ಏನು ತೀರ್ಮಾನವಾಯ್ತು ಅಂತ ನೆನಪು ಮಾಡಿಕೊಳ್ಳಲಿಕ್ಕೂ ವಿಸಿ. ಹಿಂಗಿರುವಾಗ ಉತ್ಸವದ ಸಮೂಹಗಾನದ ತಾಲೀಮೊಂದೇ ಯಾಕೆ ಹೊರಗುಳಿಯಬೇಕು? ಪೇಟಿ (ಹಾರ್ಮೋನಿಯಂ) ಸಿಂಧನೂರಿನಲ್ಲಿ, ತಬಲಾ ಮಾನ್ವಿಯಲ್ಲಿ, ಹಾಡುವವರು ಲಿಂಗಸೂಗೂರಿನಲ್ಲಿ, ಸಾಹೇಬರು ಎಸಿ ರೂಮಿನಲ್ಲಿ. ಲಿಂಕ್ ಕಳಿಸಲಾಗಿದೆ, 11 ಗಂಟೆಗೆ ಸರಿಯಾಗಿ ಸೇರತಕ್ಕದ್ದು.

ಕನ್ನಡದಲ್ಲಿ ಸಂಗೀತಕ್ಕೂ ಕಚೇರಿ, ಕಡತಕ್ಕೂ ಕಚೇರಿ ಅಂತ ಒಂದೇ ಹೆಸರಿಟ್ಟವರನ್ನು ಮೊದಲು ಹಿಡಿಯಬೇಕು. ವಿಸಿ ಅನ್ನುವುದು ಒಬ್ಬರು ಮಾತಾಡುವಾಗ ಮಿಕ್ಕವರು ಸುಮ್ಮನಿರಲಿ ಅಂತ ಮಾಡಿದ ಯಂತ್ರ. ಮೇಳ ಅಂದರೆ ಎಲ್ಲರೂ ಒಟ್ಟಿಗೆ ದನಿ ತೆಗೆಯುವ ಕೆಲಸ. ಕಡತದ ಕಚೇರಿಗೆ ಈ ವ್ಯತ್ಯಾಸ ಹೊಳೆಯದಿದ್ದರೆ ತಪ್ಪು ತಿಳಿಯಬಾರದು; ಅಲ್ಲಿ ಸಾಹೇಬರ ಜೊತೆ ಇನ್ನೊಬ್ಬರು ದನಿ ತೆಗೆದ ಉದಾಹರಣೆಯೇ ಇಲ್ಲ.

ತಡ ಅನ್ನುವುದು ಮೇಳಕ್ಕೇನೂ ಹೊಸದಲ್ಲ. ಗಾಳಿಯಲ್ಲಿ ದನಿ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಅದು 20 ಡಿಗ್ರಿಯ ಲೆಕ್ಕ; ನಮ್ಮ 40 ಡಿಗ್ರಿ ಬಿಸಿಲಿನಲ್ಲಿ 355 ಮೀಟರ್. (ಬಿಸಿಲಿನಿಂದ ಜಿಲ್ಲೆಗೆ ಆದ ಲಾಭ ಅಂತ ಯಾವುದಾದರೂ ವರದಿಯಲ್ಲಿ ಸೇರಿಸಿಕೊಳ್ಳಬಹುದು.) ಭಜನೆಗೆ ಕೂತವರ ನಡುವೆ ಎರಡು ಮೀಟರ್ ಇದ್ದರೆ ತಡ ಸುಮಾರು 6 ಮಿಲಿಸೆಕೆಂಡ್. ಹತ್ತು ಮೀಟರ್ ವೇದಿಕೆಯ ಆ ತುದಿಯಿಂದ ಈ ತುದಿಗೆ 28. ಇಲ್ಲಿಯವರೆಗೆ ಕಿವಿ ಸಹಿಸುತ್ತದೆ. 25–30 ದಾಟಿದ ಮೇಲೆ ಲಯ ಎದ್ದು ಕಾಣುವಷ್ಟು ಜಗ್ಗತೊಡಗುತ್ತದೆ. ವಿಸಿಯ ತಡ ಎಲ್ಲ ಚೆನ್ನಾಗಿದ್ದ ದಿನವೂ 200ರ ಆಸುಪಾಸು. ಅಂದರೆ ಪೇಟಿ ಮಾಸ್ತರು ವೇದಿಕೆ ಮೇಲೆ, ತಬಲಾದವರು 70 ಮೀಟರ್ ಆಚೆ, ಪೆಂಡಾಲಿನ ಹೊರಗೆ ಒಗ್ಗರಣಿ-ಮಿರ್ಚಿ ಬಂಡಿಯ ಪಕ್ಕ. ಅಲ್ಲಿಂದ ಕೆಹರವಾ ತಾಳ ಬಾರಿಸಬೇಕು, ಇಲ್ಲಿ ಸಮ್, ಅಂದರೆ ಆವರ್ತದ ಮೊದಲ ಏಟು, ಬೀಳಬೇಕು.

ಮಧ್ಯಲಯದಲ್ಲಿ, ನಿಮಿಷಕ್ಕೆ 120 ಮಾತ್ರೆಯಂತೆ (ಮಾತ್ರೆ ಅಂದರೆ ತಾಳದ ಒಂದು ಎಣಿಕೆ), ಒಂದು ಮಾತ್ರೆಗೆ 500 ಮಿಲಿಸೆಕೆಂಡ್. 200 ತಡವಾದರೆ ಅರ್ಧ ಮಾತ್ರೆಗೆ ಸ್ವಲ್ಪ ಕಡಿಮೆ. ತಪ್ಪು ಅಂತ ಗೊತ್ತಾಗುತ್ತದೆ, ಯಾರದ್ದು ಅಂತ ಗೊತ್ತಾಗುವುದಿಲ್ಲ. ಲಯ ಎರಡು ಪಟ್ಟಾದರೆ ಮಾತ್ರೆಗೆ 250. ಆಗ ಪೇಟಿಯವರು ಎರಡನೆಯ ಮಾತ್ರೆಯ ‘ಗೆ’ಯಲ್ಲಿದ್ದಾಗ ಮಾನ್ವಿಯ ಮೊದಲ ಮಾತ್ರೆಯ ‘ಧಾ’ ಬಂದು ಬೀಳುತ್ತದೆ. ‘ತಬಲಾ ಹಿಂದ್ ಬಿತ್ತಲ್ರಿ ಮಾಸ್ತರ್ರ’ ಅಂತ ಇವರು, ‘ಪೇಟಿನ ಓಡಾಕತ್ತೈತ್ರಿ’ ಅಂತ ಅವರು. ಇಬ್ಬರ ಮಾತೂ ಅವರವರ ಕಿವಿಗೆ ಸತ್ಯ.

ಆಮೇಲೆ ಸೌಜನ್ಯ ಶುರುವಾಗುತ್ತದೆ. ಇವರು ಅವರಿಗೆ ಕಾಯುತ್ತಾರೆ, ಅವರು ಇವರಿಗೆ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡು ಅಂತ ಗೆರೆ ಎಳೆದಿದೆ. 120ರ ಲಯ ಹಿಡಿದರೆ 300 ಮಾತ್ರೆ. ಒಂದೊಂದು ಮಾತ್ರೆ ಹಿಂದಿನದಕ್ಕಿಂತ ಬರೀ ಒಂದು ಮಿಲಿಸೆಕೆಂಡ್ ಉದ್ದವಾದರೂ ಕೊನೆಗೆ ಕೂಡುವುದು 45 ಸೆಕೆಂಡು. 2.30ಕ್ಕೆ ಮುಗಿಯಬೇಕಾದ್ದು 3.15ಕ್ಕೆ, ಕೊನೆಯ ಸಾಲು ನಿಮಿಷಕ್ಕೆ 75ರ ಲಯದಲ್ಲಿ. ಸರ್ಕಾರದ ಆದೇಶ ಉಲ್ಲಂಘನೆಯಾಗಿದ್ದು ಸರ್ಕಾರದ ತಾಲೀಮಿನಲ್ಲೇ. ನೋಟಿಸು ಮಾತ್ರ ತಬಲಾದವರಿಗೆ.

ಇದು ಹಳ್ಳಿ ಮಂದಿಗೆ ನೆಟ್‌ವರ್ಕ್ ಒಗ್ಗದ ಕತೆ ಅಂತ ಯಾರಾದರೂ ಅಂದಾರು. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ, ನಡುವಿನ ತಡವನ್ನು ಹೆಚ್ಚು ಕಡಿಮೆ ಮಾಡುತ್ತ ಬರೀ ಚಪ್ಪಾಳೆ ತಟ್ಟಿಸಿ ನೋಡಿದ್ದಾರೆ. 11 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಲಯ ನಿಂತಿತು. ಅದಕ್ಕಿಂತ ಕಡಿಮೆಯಾದರೆ ಓಡಿದರು, ಜಾಸ್ತಿಯಾದರೆ ಜಗ್ಗಿದರು. ಚಪ್ಪಾಳೆಯ ಗತಿಯೇ ಹಿಂಗಾದರೆ ತತ್ವಪದದ ಪಾಡೇನು.

ತಡವನ್ನಾದರೂ ಹೆಂಗೋ ನುಂಗಬಹುದು. ದನಿಯನ್ನೇ ನುಂಗುವ ಜಾಣತನ ಇನ್ನೊಂದಿದೆ. ವಿಸಿಯ ತಂತ್ರಾಂಶಕ್ಕೆ ಮನುಷ್ಯರ ಮಾತು ಮಾತ್ರ ದನಿ, ಉಳಿದದ್ದು ಗದ್ದಲ. ಏರಿಳಿತವಿಲ್ಲದೆ ಒಂದೇ ಸಮ ಬರುವುದೆಲ್ಲ ಅದಕ್ಕೆ ಫ್ಯಾನು. ಹಾಗಾಗಿ ಮೂಲೆಯ ಕೂಲರಿನ ಜೊತೆಗೆ ಶ್ರುತಿ ಪೆಟ್ಟಿಗೆಯನ್ನೂ ಶುದ್ಧವಾಗಿ ಅಳಿಸಿಹಾಕುತ್ತದೆ. ತಬಲಾದ ಏಟು ಯಾರೋ ಬಾಗಿಲು ಬಡಿದಂತೆ, ಅದೂ ಹೋಯ್ತು. ಗಾಯಕರು ಮಂದ್ರಕ್ಕಿಳಿದರೆ ದನಿ ಕಡಿಮೆಯಾಯಿತೆಂದು ತಾನೇ ಏರಿಸುತ್ತದೆ. ತಾರಕ್ಕೆ ಹೋದರೆ ಕುತ್ತಿಗೆ ಹಿಡಿದು ತಗ್ಗಿಸುತ್ತದೆ. ಇಬ್ಬರು ಕೂಡಿ ಹಾಡಿದರೆ ಒಬ್ಬರನ್ನು ಇನ್ನೊಬ್ಬರ ಪ್ರತಿಧ್ವನಿ ಅಂತ ತಿಳಿದು ಅದುಮುತ್ತದೆ. ಝೂಮ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಅನ್ನುವ ಗುಂಡಿ ಇದೆ. ಅದನ್ನು ಒತ್ತಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಈ ಕಾಟ ಬಹುಪಾಲು ತಪ್ಪುತ್ತದೆ. ತಡ ಮಾತ್ರ ಎಲ್ಲಿತ್ತೋ ಅಲ್ಲೇ.

ನಿಜಕ್ಕೂ ಆನ್‌ಲೈನಿನಲ್ಲಿ ಕೂಡಿ ಬಾರಿಸಲೇಬೇಕು ಅನ್ನುವವರಿಗೆ ದಾರಿ ಇಲ್ಲವೆಂದಲ್ಲ. ಜಾಮ್ಯುಲಸ್, ಸೋನೋಬಸ್, ಜ್ಯಾಕ್‌ಟ್ರಿಪ್ ಅನ್ನುವ ತಂತ್ರಾಂಶಗಳಿವೆ, ಜಾಮ್ಯುಲಸ್ ಪುಗಸಟ್ಟೆ. ಅವು ಮುಖ ತೋರಿಸುವುದಿಲ್ಲ, ದನಿಯನ್ನಷ್ಟೇ ಒಯ್ಯುತ್ತವೆ. ಕಚೇರಿಗೆ ಇವು ಹಿಡಿಸದಿರಲು ಇಷ್ಟೇ ಸಾಕು: ಫೋಟೊ ಬರುವುದಿಲ್ಲ.

ಇದಕ್ಕೆ ಬೇಕಾದದ್ದು ಇಷ್ಟು. ಫೋನ್ ಸಾಲದು, ಕಂಪ್ಯೂಟರ್ ಬೇಕು. ವೈಫೈ ಬೇಡ, ರೂಟರಿನಿಂದ ಕಂಪ್ಯೂಟರಿಗೆ ಕೇಬಲ್ ಎಳೆಯಬೇಕು. ಬ್ಲೂಟೂತ್ ಇಯರ್‌ಬಡ್ಸ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು, ಅವೊಂದೇ 150–200 ಮಿಲಿಸೆಕೆಂಡ್ ತಿನ್ನುತ್ತವೆ; ವೈರಿನ ಹೆಡ್‌ಫೋನೇ ಆಗಬೇಕು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯಲು ಯುಎಸ್‌ಬಿಯ ಆಡಿಯೋ ಇಂಟರ್‌ಫೇಸ್, ವಿಂಡೋಸ್ ಇದ್ದರೆ ತಡ ತಗ್ಗಿಸುವ ಅದರ ಆಸಿಯೋ ಡ್ರೈವರ್. ಬಫರ್, ಅಂದರೆ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ತುಣುಕು, 128 ಸ್ಯಾಂಪಲ್ ಇಟ್ಟರೆ, ಸೆಕೆಂಡಿಗೆ 48,000 ಸ್ಯಾಂಪಲ್ಲಿನ ಲೆಕ್ಕದಲ್ಲಿ, 2.7 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ, ತಡ ಎರಡು ಪಟ್ಟಾಯಿತೆಂದು ಒಪ್ಪಿಕೊಳ್ಳಿ. ಜಾಮ್ಯುಲಸ್‌ನ ಇನ್ನೊಂದು ಸೂತ್ರ, ಎಲ್ಲರೂ ಎಡವುವುದು ಇಲ್ಲೇ: ನಿಮ್ಮ ವಾದ್ಯವನ್ನು ನೇರ ಕೇಳಬಾರದು, ಸರ್ವರಿಗೆ ಹೋಗಿ ತಿರುಗಿ ಬಂದ ದನಿಗೇ ಲಯ ಹಿಡಿಯಬೇಕು. ನಿಮ್ಮ ತಬಲಾ ನಿಮಗೇ ತಡವಾಗಿ ಕೇಳಿಸುವುದನ್ನು ಸಹಿಸಿಕೊಳ್ಳುವ ಈ ವಿದ್ಯೆ ಎರಡು ದಿನಕ್ಕೆ ಬರುವಂಥದ್ದಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ದಾರಿಯ ಪ್ರಶ್ನೆ ಇದೆ. ಇಂಟರ್ನೆಟ್ ಹರಿಯುವ ಗಾಜಿನ ಎಳೆಯಲ್ಲಿ ಬೆಳಕು ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡುತ್ತದೆ. ಹಂಗೆ ನೋಡಿದರೆ ಲಿಂಗಸೂಗೂರಿನ ದನಿ ರಾಯಚೂರಿಗೆ ಅರ್ಧ ಮಿಲಿಸೆಕೆಂಡಿನಲ್ಲಿ ಬರಬೇಕು. ಆದರೆ ದನಿಯನ್ನು ತುಂಡು ತುಂಡಾಗಿ ಹೊತ್ತೊಯ್ಯುವ ಪ್ಯಾಕೆಟ್ಟುಗಳಿಗೂ ಕಡತದ ಬುದ್ಧಿಯೇ. ಪಕ್ಕದ ತಾಲೂಕಿನಿಂದ ಬರುವುದಕ್ಕೂ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ, ಅಲ್ಲಿ ಸಹಿ ಮಾಡಿಸಿಕೊಂಡು ಬರುವುದುಂಟು. ಬರೀ ತಡವಾದರೆ ಲೆಕ್ಕ ಹಾಕಿಕೊಳ್ಳಬಹುದು. ಒಂದು 20ಕ್ಕೆ, ಮತ್ತೊಂದು 60ಕ್ಕೆ, ಮೂರನೆಯದು ಬರುವುದೇ ಇಲ್ಲ ಅಂತಾದರೆ ಯಾವ ಉಸ್ತಾದರೂ ತಬಲಾದ ಠೇಕಾ ಹಿಡಿಯಲಾರರು. ಆ ಏರುಪೇರನ್ನು ಸಮ ಮಾಡಲು ಬಫರ್ ದೊಡ್ಡದಾಗಬೇಕು, ಬಫರ್ ದೊಡ್ಡದಾದರೆ ತಡ ಬೆಳೆಯುತ್ತದೆ. ನಡುವೆ ಕರೆಂಟು ಹೋಗುವ ಕಾಟ. ನಮ್ಮ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ್ದು 1720 ಮೆಗಾವ್ಯಾಟು. ಮನೆಯ ರೂಟರಿಗೆ ಬೇಕಾದ್ದು ಹತ್ತು ವ್ಯಾಟು. ಆದರೂ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು.

2005ರಲ್ಲೇ ಬಂದ ನಿಂಜಾಮ್ ಅನ್ನುವ ತಂತ್ರಾಂಶ ಈ ಜಂಜಾಟವನ್ನೇ ಕೈಬಿಟ್ಟಿತು. ಅದು ತಡವನ್ನು ಕಡಿಮೆ ಮಾಡುವುದಿಲ್ಲ, ಇಡೀ ಆವರ್ತದಷ್ಟು ಹೆಚ್ಚಿಸಿಬಿಡುತ್ತದೆ: ಉಳಿದವರು ಹಿಂದಿನ ಸುತ್ತಿನಲ್ಲಿ ಬಾರಿಸಿದ್ದಕ್ಕೆ ನೀವು ಈ ಸುತ್ತಿನಲ್ಲಿ ಕೂಡಬೇಕು. ಹೋದ ವರ್ಷದ ಉತ್ಸವದ ಗೌರವಧನ ಈ ವರ್ಷದ ತಾಲೀಮಿನ ಹೊತ್ತಿಗೆ ಬರುವುದನ್ನು ಕಂಡ ಕಲಾವಿದರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ವಿಸಿ ತಾಲೀಮು ಮುಗಿಯುವ ರೀತಿ ಒಂದೇ. ಇಪ್ಪತ್ತು ನಿಮಿಷ ‘ಕೇಳಸ್ತೈತೇನ್ರಿ’, ಹತ್ತು ನಿಮಿಷ ಕೂಗಾಟ, ಆಮೇಲೆ ಅಪ್ಪಣೆ: ‘ಹಾಡೋರ ಒಬ್ರನ್ನ ಬಿಟ್ಟು ಎಲ್ಲಾರೂ ಮ್ಯೂಟ್ ಮಾಡ್ಕೋರಿ.’ ಈಗ ಎಲ್ಲವೂ ಸರಿಯಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಆ ಒಂದು ದನಿಗೆ ತಕ್ಕಂತೆ ಬಾರಿಸುತ್ತಾರೆ, ಯಾರ ತಪ್ಪೂ ಯಾರಿಗೂ ಕೇಳುವುದಿಲ್ಲ. ಹೊಸ ಹಾಡು ಕಲಿಯಲಿಕ್ಕೆ ಇದು ಚಲೋ ಉಪಾಯವೇ, ಮೇಳ ಕೂಡಿಸಲಿಕ್ಕಲ್ಲ. ಸಾಹೇಬರಿಗೆ ಕಾಣುವುದು ಎಂಟು ಚೌಕ, ಎಂಟು ಜೋಡಿ ಕೈ, ಒಂದೇ ದನಿ. ‘ಭಾಳ ಚಲೋ ಆತು.’ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿಗೆ ಬಿತ್ತು.

ಉತ್ಸವದ ದಿನ ಎಂಟೂ ಮಂದಿ ಒಂದು ಟಂಟಂ ಆಟೊ ಮಾಡಿಕೊಂಡು ಬರುತ್ತಾರೆ. ಮೊಣಕಾಲಿಗೆ ಮೊಣಕಾಲು, ಪೇಟಿ ತೊಡೆ ಮೇಲೆ, ತಬಲಾ-ಡಗ್ಗಾ ಸಂದಿಯಲ್ಲಿ. ಪೇಟಿಗೂ ತಬಲಾಕ್ಕೂ ನಡುವೆ ಒಂದು ಮೀಟರ್, ತಡ 3 ಮಿಲಿಸೆಕೆಂಡ್. ರಸ್ತೆಯ ತಗ್ಗು ಬಂದಾಗ ಮಾತ್ರ ಠೇಕಾ ಒಮ್ಮೆ ಹಾರುತ್ತದೆ. ಊರು ಮುಟ್ಟುವ ಹೊತ್ತಿಗೆ ನಾಲ್ಕು ಸಲ ಹಾಡಾಗಿರುತ್ತದೆ. ಟಂಟಂ ಬಾಡಿಗೆಯ ಚೀಟಿ ಕೊಟ್ಟರೆ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಡುತ್ತಾರೆ: ‘ತಾಲೀಮು ಆನ್‌ಲೈನ್ ಆಗೈತಲ್ರಿ, ಇದ್ಯಾತರದು?’