ಇಳಿದು ಬಂದ ರಾಕೆಟ್ ಮತ್ತೆ ಹಾರುವ ಮುನ್ನ

ಕಳೆದ ವಾರ ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ರಾಕೆಟ್ ಮತ್ತು ಉಪಗ್ರಹಗಳ ಕುರಿತು ಮಾತನಾಡಿ ಬಂದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ ಇಂಥ ಕರೆಗಳು ಆಗಾಗ ಬರುತ್ತವೆ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಬೂಸ್ಟರ್, ಎಂದರೆ ಕೆಳಗಿನ ಮೊದಲ ಹಂತ, ಬೆಂಕಿಯುಗುಳುತ್ತ ನೆಟ್ಟಗೆ ಕೆಳಗಿಳಿದು, ಕೊನೆಯ ಗಳಿಗೆಯಲ್ಲಿ ನಾಲ್ಕು ಕಾಲುಗಳನ್ನು ಬಿಡಿಸಿ ನಿಲ್ಲುವ ದೃಶ್ಯವನ್ನು ತೋರಿಸಿದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅದಕ್ಕೆ ಪುನಃ ಎಣ್ಣೆ ಹಾಕಿ ಮರುದಿನವೇ ಬಿಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ನಾನು ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸಿದೆ. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರ ಅದಾಗಿರಲಿಲ್ಲವೆಂಬುದು ಮನಸ್ಸಿನಲ್ಲೇ ಉಳಿದಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೂಸ್ಟರ್ ಇಳಿದಲ್ಲಿಗೆ ಮರುಬಳಕೆಯ ಅರ್ಧ ಕೆಲಸವಷ್ಟೇ ಮುಗಿಯುತ್ತದೆ. ಉಳಿದರ್ಧ ಎರಡು ಹಾರಾಟಗಳ ನಡುವೆ, ಯಾರೂ ಚಪ್ಪಾಳೆ ತಟ್ಟದ ಶೆಡ್ಡಿನೊಳಗೆ ನಡೆಯುತ್ತದೆ. ನಮ್ಮ ದೇಶ ಈಗ ಅಂಥ ರಾಕೆಟ್ಟನ್ನು ಕಟ್ಟಲು ಹೊರಟಿರುವಾಗ ಆ ಶೆಡ್ಡಿನ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತಿಲ್ಲ.

ಇಳಿಯುವ ಕೆಲಸವೇನೂ ಸುಲಭವಲ್ಲ. ನೆಲ ಬಿಟ್ಟು ಸುಮಾರು ಎರಡೂವರೆ ನಿಮಿಷವಾಗುವಷ್ಟರಲ್ಲಿ ಬೂಸ್ಟರ್ ಮೇಲಿನ ಹಂತದಿಂದ ಕಳಚಿಕೊಳ್ಳುತ್ತದೆ. ಆಗ ಅದು ಅರುವತ್ತು ಎಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಹಲವು ಸಾವಿರ ಕಿಲೋಮೀಟರ್ ವೇಗದಲ್ಲಿರುತ್ತದೆ. ಅಲ್ಲಿಂದ ಅನಿಲದ ಸಣ್ಣ ಚಿಮ್ಮುಗಳಿಂದ ತನ್ನ ಮೈಯನ್ನು ತಿರುಗಿಸಿಕೊಂಡು, ದಟ್ಟ ಗಾಳಿಯೊಳಗೆ ಬರುವಾಗ ಇಂಜಿನ್ ಉರಿಸಿ ವೇಗ ತಗ್ಗಿಸಿಕೊಂಡು, ಮೇಲ್ತುದಿಯಲ್ಲಿರುವ ಜಾಲರಿಯಂಥ ನಾಲ್ಕು ರೆಕ್ಕೆಗಳಿಂದ ದಾರಿ ಸರಿಪಡಿಸಿಕೊಳ್ಳುತ್ತ ಇಳಿಯುತ್ತದೆ. ಒಂಬತ್ತು ಇಂಜಿನ್‌ಗಳಲ್ಲಿ ಕೊನೆಗೆ ಒಂದೇ ಉರಿಯುತ್ತಿದ್ದರೂ, ಅದನ್ನು ಎಷ್ಟು ತಗ್ಗಿಸಿದರೂ, ಹೆಚ್ಚುಕಡಿಮೆ ಖಾಲಿಯಾದ ಬೂಸ್ಟರಿನ ತೂಕಕ್ಕಿಂತ ಅದರ ನೂಕುಬಲವೇ ಹೆಚ್ಚು. ಹಾಗಾಗಿ ಹೆಲಿಕಾಪ್ಟರಿನಂತೆ ಗಾಳಿಯಲ್ಲಿ ನಿಂತು, ನೋಡಿಕೊಂಡು ಇಳಿಯುವ ಅವಕಾಶವೇ ಅದಕ್ಕಿಲ್ಲ. ವೇಗ ಸೊನ್ನೆಯಾಗುವ ಕ್ಷಣವೂ ಕಾಲು ನೆಲ ಮುಟ್ಟುವ ಕ್ಷಣವೂ ಒಂದೇ ಆಗಬೇಕು. ಈ ಲೆಕ್ಕ ಮೊದಲ ಬಾರಿಗೆ ಕೈಗೂಡಿದ್ದು 2015ರ ಡಿಸೆಂಬರ್‌ನಲ್ಲಿ, ಫ್ಲೋರಿಡಾದ ಕೇಪ್ ಕೆನವೆರಲ್‌ನ ನೆಲದ ಮೇಲೆ. 2016ರ ಏಪ್ರಿಲ್‌ನಲ್ಲಿ ಕಡಲಿನಲ್ಲಿ ತೇಲುವ ಹಡಗುಕಟ್ಟೆಯ ಮೇಲೆ.

ಹೀಗೆ ಮರಳುವುದಕ್ಕೆ ಇಂಧನವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಕಾಲು, ರೆಕ್ಕೆಗಳ ತೂಕವನ್ನೂ ಹೊರಬೇಕಾಗುತ್ತದೆ. ಬೂಸ್ಟರನ್ನು ಕಡಲಿಗೆ ಬಿಟ್ಟುಬಿಡುವುದಾದರೆ ಫಾಲ್ಕನ್ 9 ಸುಮಾರು 8.3 ಟನ್ ತೂಕದ ಉಪಗ್ರಹವನ್ನು ಭೂಸ್ಥಿರ ಕಕ್ಷೆಯ ದಾರಿಗೆ ಹತ್ತಿಸಬಲ್ಲುದು. ಮರಳಿ ತರಬೇಕಾದರೆ ಆ ಮಿತಿ 5.5 ಟನ್ನಿಗೆ ಇಳಿಯುತ್ತದೆ. ಪ್ರತಿ ಬಾರಿಯೂ ಇಷ್ಟನ್ನು ಬಿಟ್ಟುಕೊಟ್ಟು ಗಳಿಸಿದ್ದು ದಕ್ಕುವುದು ಅದೇ ಬೂಸ್ಟರ್ ಮತ್ತೆ ಹಾರಿದಾಗ ಮಾತ್ರ. ಇಳಿದು ಬಂದು ಮೂಲೆಯಲ್ಲಿ ನಿಂತ ಬೂಸ್ಟರಿನಿಂದ ನಷ್ಟವೇ ಹೊರತು ಲಾಭವಿಲ್ಲ.

ಮತ್ತೆ ಹಾರಿಸುವುದೆಂದರೆ ಏನೆಂಬುದನ್ನು ನಾನು ಪುಸ್ತಕಕ್ಕಿಂತ ಮೊದಲು ಮಲ್ಪೆಯಲ್ಲಿ ಕಲಿತೆ. ನನ್ನ ಸೋದರಮಾವನಿಗೆ ಒಂದು ಮರದ ಬೋಟ್ ಇತ್ತು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರಿದ ಮೇಲೆ ಆಚಾರಿ ಬಂದು ಸಣ್ಣ ಸುತ್ತಿಗೆಯಿಂದ ಒಂದೊಂದೇ ಹಲಗೆಯನ್ನು ತಟ್ಟುತ್ತ ಹೋಗುತ್ತಿದ್ದ. ಗಟ್ಟಿ ಮರದ ಸದ್ದು ಬೇರೆ, ಒಳಗೆ ನೀರು ಕುಡಿದ ಮರದ ಸದ್ದು ಬೇರೆ. ಸದ್ದು ಮಂಕಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಮುಂದೆ ಸರಿಯುತ್ತಿದ್ದ. ಮೇಲೆ ಬಳಿದ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಗುರುತು ಬಿದ್ದ ಹಲಗೆ ಉಳಿಯುತ್ತಿರಲಿಲ್ಲ. ಇಂಜಿನ್ನನ್ನು ಪೂರ್ತಿ ಬಿಚ್ಚಿ ಗೋಣಿಯ ಮೇಲೆ ಹರಡಿ, ಪ್ರತಿಯೊಂದು ಭಾಗವನ್ನೂ ಡೀಸೆಲ್‌ನಲ್ಲಿ ತೊಳೆದು ಇಡುತ್ತಿದ್ದರು.

ನಾನು ಕಾಲೇಜಿನಲ್ಲಿದ್ದ ಒಂದು ವರ್ಷ, ಇಂಜಿನ್ ತಣಿಸಲು ಕಡಲ ನೀರನ್ನು ಎಳೆಯುವ ರಬ್ಬರ್ ಪೈಪನ್ನು ಬದಲಿಸದೆ ಬಿಟ್ಟರು. ಹೊರಗಿನಿಂದ ನೋಡಲು ಅದು ಚೆನ್ನಾಗಿಯೇ ಇತ್ತು. ಋತು ಆರಂಭವಾಗಿ ಕೆಲವು ವಾರಗಳಾಗಿದ್ದವಷ್ಟೆ, ಒಳಪದರ ಸಡಿಲಗೊಂಡು ನೀರಿನ ದಾರಿ ಕಟ್ಟಿತು. ಇಂಜಿನ್ ಕಾದು ನಡುಕಡಲಿನಲ್ಲಿ ನಿಂತುಹೋಯಿತು. ಮಾವ ಮತ್ತು ಅವರ ಜೊತೆಗಿದ್ದವರು ಇಡೀ ರಾತ್ರಿ ಅಲೆಯ ಪಾಲಾಗಿ ತೇಲಿದರು. ಮರುದಿನ ಬೇರೊಂದು ಬೋಟಿನವರು ಹಗ್ಗ ಕಟ್ಟಿ ಎಳೆದು ತರುವವರೆಗೆ ಅತ್ತೆ ಬಂದರಿನ ದಕ್ಕೆಯಿಂದ ಕದಲಲಿಲ್ಲ. ಆ ಬಳಿಕ ಮಾವ ಒಂದು ನೋಟ್‌ಪುಸ್ತಕ ತಂದರು. ಯಾವ ಪೈಪನ್ನು, ಯಾವ ಬೇರಿಂಗನ್ನು ಯಾವ ತಾರೀಕಿನಂದು ಹಾಕಿದ್ದು, ಎಷ್ಟು ದಿನ ಓಡಿದೆ, ಯಾವಾಗ ತೆಗೆಯಬೇಕು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಚೆನ್ನಾಗಿ ಕಾಣುತ್ತಿದ್ದರೂ ಅವಧಿ ಮುಗಿದದ್ದನ್ನು ತೆಗೆದೇ ತೆಗೆಯುತ್ತಿದ್ದರು.

ಬೂಸ್ಟರಿನ ವಿಷಯದಲ್ಲೂ ಕೆಲಸದ ಬಗೆ ಇದೇ. ಸೀಮೆಎಣ್ಣೆಯ ಜಾತಿಯ ಇಂಧನ ಉರಿದ ಇಂಜಿನ್‌ನಲ್ಲಿ ಮಸಿ ಕಟ್ಟುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪಂಪಿನ ಚಕ್ರದ ಒಂದು ಬದಿಯಲ್ಲಿ ಸೊನ್ನೆಗಿಂತ ನೂರೆಂಬತ್ತು ಡಿಗ್ರಿಗೂ ಕೆಳಗಿರುವ ದ್ರವ ಆಮ್ಲಜನಕ, ಇನ್ನೊಂದು ಬದಿಯಲ್ಲಿ ಕೆಂಡದಂಥ ಅನಿಲ. ಕಾಯುವುದು, ತಣಿಯುವುದು ಮರುಕಳಿಸಿದಂತೆಲ್ಲ ಲೋಹದಲ್ಲಿ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಕಡಲ ಉಪ್ಪಂತೂ ಸಂದು ಸಿಕ್ಕಿದಲ್ಲೆಲ್ಲ ಸೇರಿಕೊಳ್ಳುತ್ತದೆ. ಇದನ್ನೆಲ್ಲ ಕಣ್ಣಿನಿಂದ, ಉಪಕರಣಗಳಿಂದ, ಹಿಂದಿನ ಹಾರಾಟದ ದಾಖಲೆಗಳಿಂದ ಹುಡುಕಬೇಕು. ಕಡಲಿನಲ್ಲಿ ಮೊದಲು ಇಳಿದ ಬೂಸ್ಟರ್ ಮತ್ತೆ ಹಾರಿದ್ದು 2017ರ ಮಾರ್ಚ್ 30ರಂದು, ಎಂದರೆ ಹೆಚ್ಚುಕಡಿಮೆ ಒಂದು ವರ್ಷದ ನಂತರ. ಈಗ ಹತ್ತು ದಿನಕ್ಕೂ ಕಡಿಮೆ ಅಂತರದಲ್ಲಿ ಒಂದೇ ಬೂಸ್ಟರ್ ಎರಡು ಬಾರಿ ಹಾರಿದ ಉದಾಹರಣೆಯಿದೆ. 30ಕ್ಕೂ ಹೆಚ್ಚು ಬಾರಿ ಹಾರಿದ ಬೂಸ್ಟರ್ ಕೂಡ ಇದೆ. ಒಂದು ವರ್ಷವನ್ನು ಹತ್ತು ದಿನಕ್ಕೆ ಇಳಿಸಿದ್ದು ಬೂಸ್ಟರ್ ಬಿಚ್ಚಿ ನೋಡಿದವರ ಅನುಭವ. ಯಾವುದನ್ನು ಪ್ರತಿ ಬಾರಿ ಬಿಚ್ಚಬೇಕು, ಯಾವುದನ್ನು ಮುಟ್ಟದಿರುವುದೇ ಒಳ್ಳೆಯದು ಎಂಬ ಅವರ ತಿಳಿವಳಿಕೆ ಮುಂದಿನ ವಿನ್ಯಾಸದೊಳಗೂ ಸೇರಿತು. ಆ ಹುಡುಗನ "ಮರುದಿನವೇ" ಎಂಬ ಮಾತು ಇಂದಿಗೂ ಗುರಿಯಾಗಿಯೇ ಉಳಿದಿದೆ.

ಕಡಲಿನ ಬಗ್ಗೆ ಕರಾವಳಿಯವರಿಗೆ ಹೇಳಬೇಕಾದ ಒಂದು ಸಂಗತಿಯಿದೆ. 2020ರಲ್ಲಿ ಇಬ್ಬರು ಗಗನಯಾತ್ರಿಗಳನ್ನು ಮೇಲಕ್ಕೊಯ್ದ ಬೂಸ್ಟರ್ ಒಟ್ಟು 19 ಬಾರಿ ಹಾರಿತು. 2023ರ ಡಿಸೆಂಬರ್‌ನಲ್ಲಿ ಹತ್ತೊಂಬತ್ತನೆಯ ಬಾರಿಯೂ ಅದು ಹಡಗುಕಟ್ಟೆಯ ಮೇಲೆ ಸರಿಯಾಗಿಯೇ ಇಳಿಯಿತು. ಆದರೆ ಬಂದರಿಗೆ ಮರಳುವ ದಾರಿಯಲ್ಲಿ ಜೋರು ಗಾಳಿ ಮತ್ತು ಎತ್ತರದ ಅಲೆಗಳಿಗೆ ಸಿಕ್ಕಿ ಉರುಳಿಬಿತ್ತು. ದಕ್ಕೆ ಮುಟ್ಟುವವರೆಗೆ ಪ್ರಯಾಣ ಮುಗಿಯಿತೆಂದು ಬೋಟು ನಡೆಸುವ ನಮ್ಮ ತಂಡೇಲರು ಯಾಕೆ ಹೇಳುವುದಿಲ್ಲವೆಂಬುದು ಈ ಸುದ್ದಿ ಓದಿದಾಗ ಅರ್ಥವಾಗುತ್ತದೆ.

ಇನ್ನು ನಮ್ಮ ದೇಶದ ವಿಷಯ. ಇಸ್ರೋದ ಈಗಿನ ರಾಕೆಟ್ಟುಗಳಾದ ಪಿಎಸ್‌ಎಲ್‌ವಿಯ ಮೊದಲ ಹಂತವೂ ಎಲ್‌ವಿಎಂ3ರ ಪಕ್ಕಕ್ಕೆ ಜೋಡಿಸಿದ ಎರಡು ದೊಡ್ಡ ಬೂಸ್ಟರುಗಳೂ ಘನ ಇಂಧನದವು. ಘನ ಇಂಧನಕ್ಕೆ ಒಮ್ಮೆ ಕಿಡಿ ಹತ್ತಿದರೆ ಪೂರ್ತಿ ಉರಿದು ಮುಗಿಯಬೇಕು; ಆರಿಸಿ ಮತ್ತೆ ಹೊತ್ತಿಸುವುದು ಆಗದ ಮಾತು. ಆದುದರಿಂದ ಅವು ತಾವಾಗಿ ನೆಟ್ಟಗೆ ಇಳಿಯಲಾರವು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಹೊಸ ತಲೆಮಾರಿನ ಉಡಾವಣಾ ವಾಹನಕ್ಕೆ 8,240 ಕೋಟಿ ರೂಪಾಯಿ ಮಂಜೂರಾಗಿದೆ. ಕೆಳ ಕಕ್ಷೆಗೆ 30 ಟನ್ ಒಯ್ಯಬಲ್ಲ ಈ ವಾಹನದ ಮೊದಲ ಹಂತ ಮರುಬಳಕೆಯದ್ದಾಗಿರುತ್ತದೆ. 2025ರ ಜನವರಿಯಲ್ಲಿ ತಮಿಳುನಾಡಿನ ಮಹೇಂದ್ರಗಿರಿಯ ಪರೀಕ್ಷಾ ಕೇಂದ್ರದಲ್ಲಿ ದ್ರವ ಇಂಧನದ ವಿಕಾಸ್ ಇಂಜಿನ್ನನ್ನು 60 ಸೆಕೆಂಡು ಉರಿಸಿ, ಎರಡು ನಿಮಿಷ ನಿಲ್ಲಿಸಿ, ಮತ್ತೆ 7 ಸೆಕೆಂಡು ಉರಿಸಿದರು. ಪತ್ರಿಕೆಗಳ ಒಳಪುಟಕ್ಕೆ ಸೀಮಿತವಾದ ಆ ಏಳು ಸೆಕೆಂಡುಗಳು ನನಗೆ ದೊಡ್ಡ ಸುದ್ದಿಯಾಗಿ ಕಂಡವು. ಚಳ್ಳಕೆರೆಯ ಬಳಿ ಹೆಲಿಕಾಪ್ಟರಿನಿಂದ ಬಿಟ್ಟು ಮೂರು ಬಾರಿ ಇಳಿಸಿದ ರೆಕ್ಕೆಯ ವಾಹನ ಪುಷ್ಪಕ್‌ನ ದಾರಿ ಬೇರೆ; ಅದಕ್ಕೆ ಬೇರೆಯೇ ಬರಹ ಬೇಕು.

ಶ್ರೀಹರಿಕೋಟದಿಂದ ಹಾರುವ ಬೂಸ್ಟರಿಗೆ ಬಂಗಾಳ ಕೊಲ್ಲಿಯೇ ಇಳಿದಾಣವಾದೀತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕೊಲ್ಲಿಯ ಚಂಡಮಾರುತಗಳು ಹೇಗಿರುತ್ತವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ರಾಕೆಟ್ಟಿನ ವಿನ್ಯಾಸದಷ್ಟೇ ಗಂಭೀರವಾಗಿ ಹಡಗು, ಬಂದರು, ತಪಾಸಣೆಯ ಶೆಡ್ಡು ಮತ್ತು ಅಲ್ಲಿ ದುಡಿಯುವ ಕೈಗಳ ಬಗ್ಗೆ ಈಗಲೇ ಯೋಜನೆಯಾಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಿರುಕನ್ನು ಗುರುತಿಸುವ ಕಣ್ಣು ಮತ್ತು ಅದನ್ನು ಬರೆದಿಡುವ ಶಿಸ್ತು ಒಂದೆರಡು ವರ್ಷಗಳಲ್ಲಿ ಬರುವಂಥದ್ದಲ್ಲ. ನಮ್ಮ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಕಲಿಯುತ್ತಿರುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬೇಕಾದವರು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಇಷ್ಟು ಹೇಳಿದ ಮೇಲೆ ಉಪಗ್ರಹದ ಮಾತು ಬಾರದಿದ್ದರೆ ಬರಹ ಅಪೂರ್ಣವಾಗುತ್ತದೆ. ಬೂಸ್ಟರ್ ಮರಳಿ ಬರುತ್ತದೆ. ಉಪಗ್ರಹ ಮರಳಿ ಬರುವುದಿಲ್ಲ. ನೆಲದ ಮೇಲೆ ಅದನ್ನು ನಡುಗಿಸಿ, ಗಾಳಿಯಿಲ್ಲದ ಕೋಣೆಯಲ್ಲಿ ಕಾಯಿಸಿ ತಣಿಸಿ ಪರೀಕ್ಷಿಸುತ್ತಾರೆ. ಧೂಳಿಲ್ಲದ ಕೋಣೆಯಲ್ಲಿ, ಮೈಪೂರ್ತಿ ರಕ್ಷಣಾ ಉಡುಪು ತೊಟ್ಟವರು ಅದರ ವಿಷಕಾರಿ ಇಂಧನವನ್ನು ತುಂಬುತ್ತಾರೆ. ಆಮೇಲೆ ಉಷ್ಣಕವಚದೊಳಗೆ ಮುಚ್ಚಿ ರಾಕೆಟ್ಟಿನ ತುದಿಗೇರಿಸುತ್ತಾರೆ. ಅಲ್ಲಿಂದ ಮುಂದೆ ಸ್ಪ್ಯಾನರ್ ಹಿಡಿದು ಹತ್ತಿರ ಹೋಗುವ ಅವಕಾಶ ಯಾರಿಗೂ ಇರುವುದಿಲ್ಲ. 2025ರ ಜನವರಿ 29ರಂದು ಶ್ರೀಹರಿಕೋಟದ ನೂರನೆಯ ಉಡಾವಣೆಯಲ್ಲಿ ರಾಕೆಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಆದರೆ ಎನ್‌ವಿಎಸ್-02 ಉಪಗ್ರಹದೊಳಗಿನ ಕವಾಟಗಳು ತೆರೆಯದೆ ಅದು ಉದ್ದೇಶಿತ ಕಕ್ಷೆಗೆ ಏರಲಾಗಲಿಲ್ಲ. 2016ರ ಸೆಪ್ಟೆಂಬರ್ 1ರಂದು ಕೇಪ್ ಕೆನವೆರಲ್‌ನಲ್ಲಿ ಉಡಾವಣೆಗೆ ಎರಡು ದಿನ ಮೊದಲು, ಇಂಜಿನ್ ಉರಿಸಿ ನೋಡುವ ಪರೀಕ್ಷೆಗಾಗಿ ಇಂಧನ ತುಂಬುತ್ತಿದ್ದಾಗ ಫಾಲ್ಕನ್ 9 ಸಿಡಿದು, ಅದರ ತುದಿಯಲ್ಲಿದ್ದ ಆಮೋಸ್-6 ಉಪಗ್ರಹವೂ ಸುಟ್ಟುಹೋಯಿತು. ಪರೀಕ್ಷೆಯ ಹೊತ್ತಿನಲ್ಲಿ ಉಪಗ್ರಹವನ್ನು ರಾಕೆಟ್ಟಿನ ಮೇಲಿಟ್ಟಿದ್ದು ಸಮಯ ಉಳಿಸಲಿಕ್ಕಾಗಿ. ರಾಕೆಟ್ಟುಗಳು ಬೇಗಬೇಗ ಹಾರತೊಡಗಿದಾಗ ಉಪಗ್ರಹದ ತಯಾರಿಯಲ್ಲೂ ಅದೇ ಅವಸರ ನುಸುಳಬಾರದೆಂಬುದು ನನ್ನ ಕಳಕಳಿ.

ಉಡುಪಿಯವರಿಗೆ ಇದು ದೂರದ ವಿಷಯವಲ್ಲ. ಇಲ್ಲಿನ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋ ತೂಕದ ನಮ್ಮ ಮೊದಲ ಉಪಗ್ರಹ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. 2024ರ ನವೆಂಬರ್‌ನಲ್ಲಿ 4,700 ಕಿಲೋ ತೂಕದ ನಮ್ಮ ಜಿಸ್ಯಾಟ್-ಎನ್2 ಉಪಗ್ರಹ ನಮ್ಮ ರಾಕೆಟ್ಟುಗಳಿಗೆ ಭಾರವಾದ ಕಾರಣ ಅಮೆರಿಕದಿಂದ ಫಾಲ್ಕನ್ 9ರಲ್ಲಿ ಹೋಯಿತು. ಅದನ್ನು ಹೊತ್ತದ್ದು ಆಗಲೇ ಹಲವು ಬಾರಿ ಹಾರಿ ಬಂದಿದ್ದ ಬೂಸ್ಟರ್. ಮಲ್ಪೆಯ ಮೀನುಗಾರರಿಗೆ ಎಲ್ಲಿ ಮೀನು ಸಿಕ್ಕೀತೆಂಬ ಮುನ್ಸೂಚನೆ ಸಿದ್ಧವಾಗುವುದು ಸಮುದ್ರದ ಮೇಲ್ಮೈಯ ಬಿಸಿ ಮತ್ತು ಬಣ್ಣವನ್ನು ಅಳೆಯುವ ಉಪಗ್ರಹಗಳಿಂದ. ಹೊಸ ತಲೆಮಾರಿನ ರಾಕೆಟ್ಟಿನ ಯಶಸ್ಸು ಹೀಗೆ ನಮ್ಮ ದಕ್ಕೆಯವರೆಗೂ ಬರುತ್ತದೆ.

ಆ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ನಿನ್ನೆ ಮಾತನಾಡಿದೆ. ಜೂನ್ ಒಂದರಿಂದ 61 ದಿನಗಳ ಮೀನುಗಾರಿಕೆ ರಜೆ ಶುರುವಾಗಿ ಬೋಟುಗಳು ದಡಕ್ಕೆ ಬಂದ ಮೇಲೆ, ಮಳೆ ಸ್ವಲ್ಪ ಬಿಟ್ಟ ಒಂದು ದಿನ ಆ ಮಕ್ಕಳನ್ನು ಮಲ್ಪೆಗೆ ಕರೆದೊಯ್ಯುವುದೆಂದು ನಿಶ್ಚಯವಾಗಿದೆ. ಬಿಚ್ಚಿಟ್ಟ ಇಂಜಿನ್ನಿನ ಮುಂದೆ ನಿಲ್ಲಿಸಿಯೇ ಆ ಹುಡುಗನ ಪ್ರಶ್ನೆಗೆ ಮತ್ತೊಮ್ಮೆ ಉತ್ತರಿಸುತ್ತೇನೆ. ಮಾವನ ನೋಟ್‌ಪುಸ್ತಕ ಈಗ ಅವರ ಮಗನ ಬಳಿಯಿದೆ. ಅದನ್ನೂ ಕೇಳಿ ತರಿಸಿಕೊಂಡಿದ್ದೇನೆ.