ಏನು ಸಾರು ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ

ಮೊನ್ನೆ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಗೆಳತಿಯೊಬ್ಬಳು ಕೇಳಿದಳು, "ನಿಮ್ಮನೇಲಿ ವಾರಕ್ಕೆ ತರಕಾರಿಗೆ ಎಷ್ಟಾಗುತ್ತೆ?" ನಾವು ನಾಲ್ಕು ಜನ. 400, ಜಾಸ್ತಿ ಅಂದ್ರೆ 500 ಅಂದೆ. ಅವಳು ನಂಬಲೇ ಇಲ್ಲ. ಅವರ ಮನೆಯಲ್ಲಿ ಮೂರೇ ಜನ, ಸಾವಿರ ದಾಟುತ್ತದಂತೆ. "ಎಲ್ಲಿ ತಗೋತೀಯ, ನನಗೂ ಹೇಳು" ಅಂತ ದುಂಬಾಲು ಬಿದ್ದಳು.

ಜಾಗದ್ದೇನು ಗುಟ್ಟಿಲ್ಲ. ವಿಜಯನಗರದಲ್ಲಿ ಮೆಟ್ರೊ ಇಳಿದು ಮನೆ ಕಡೆ ನಡೆಯುವಾಗ ದಾರಿಯಲ್ಲಿ ಸಿಗುವ ಗಾಡಿಗಳು, ಗೋಣಿಚೀಲ ಹಾಸಿಕೊಂಡು ಕೂತವರು, ಅಷ್ಟೇ. ಆದರೆ ನನ್ನ ಗೆಳತಿ ಅದೇ ಗಾಡಿಯಲ್ಲಿ ತಗೊಂಡರೂ ಸಾವಿರವೇ ಆಗುತ್ತದೆ. ಯಾಕಂದ್ರೆ ಅವಳು ಚೀಟಿ ಹಿಡಿದು ಹೋಗುತ್ತಾಳೆ. ಸೋಮವಾರ ಬೀನ್ಸ್ ಪಲ್ಯ, ಮಂಗಳವಾರ ನುಗ್ಗೆಕಾಯಿ ಸಾಂಬಾರು ಅಂತ ಭಾನುವಾರವೇ ಬರೆದಾಗಿರುತ್ತದೆ. ಬೀನ್ಸ್ ಕೆ.ಜಿ.ಗೆ 120 ಆಗಿದ್ದರೂ ಬೀನ್ಸೇ ಬೇಕು. ಪಕ್ಕದಲ್ಲಿ ಸೋರೆಕಾಯಿ ಇಪ್ಪತ್ತು ರೂಪಾಯಿಗೆ ಬಿದ್ದಿದ್ದರೂ ಅದು ಚೀಟಿಯಲ್ಲಿಲ್ಲ.

ನಮ್ಮಮ್ಮ ಮದ್ದೂರು ಕಡೆಯವರು. ಸಂತೆಗೆ ಹೊರಟಾಗ "ಇವತ್ತು ಏನು ಸಾರಮ್ಮ?" ಅಂತ ಕೇಳಿದರೆ "ಸಂತೇಲಿ ಏನೈತೋ ನೋಡ್ಬೇಕು ಕಣೆ" ಅನ್ನುತ್ತಿದ್ದರು. ಆಗ ಅದು ಉತ್ತರ ತಪ್ಪಿಸಿಕೊಳ್ಳುವ ಮಾತು ಅಂದುಕೊಂಡಿದ್ದೆ. ಈಗ ಗೊತ್ತಾಗುತ್ತಿದೆ, ಅವರ ಲೆಕ್ಕಾಚಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಏನು ಅಗ್ಗವೋ ಅದೇ ಸಾರು. ಮೊದಲು ಚೀಲ, ಆಮೇಲೆ ಒಲೆ.

ನಾನು ಹೋಗೋದು ರಾತ್ರಿ ಎಂಟರ ಮೇಲೆ. ಆ ಹೊತ್ತಿಗೆ ತಕ್ಕಡಿ ಬದಿಗೆ ಸರಿದು ಗುಡ್ಡೆ ಶುರುವಾಗಿರುತ್ತದೆ. ನಾಲ್ಕು ಹೀರೆಕಾಯಿ ಒಂದು ಗುಡ್ಡೆ, ಆರೇಳು ಬದನೆಕಾಯಿ ಒಂದು ಗುಡ್ಡೆ, ಇಪ್ಪತ್ತು ರೂಪಾಯಿ. ಬೆಳಗ್ಗೆ ಮಾರ್ಕೆಟ್ಟಿನಿಂದ ತಂದ ಸೊಪ್ಪು ನಾಳೆಗೆ ಉಳಿಯಲ್ಲ, ವಾಪಸ್ ಹೊತ್ತುಕೊಂಡು ಹೋಗೋದು ಅವರಿಗೂ ಬೇಡ. ನಾನು ಸೊಪ್ಪು ತಗೊಳ್ಳುವ ಅಜ್ಜಿ ನಮ್ಮ ಮಂಡ್ಯ ಕಡೆಯವರೇ. ಮಾತು ಕೇಳಿದ ಮೊದಲ ದಿನವೇ ಗೊತ್ತಾಯಿತು. "ಮೂರು ಕಟ್ಟು ತಗಂಡೋಗವ್ವ, ಬಸ್ಸಾರು ಮಾಡು, ಇಪ್ಪತ್ತು ಕೊಡು ಸಾಕು" ಅನ್ನುತ್ತಾರೆ. ಮೂಲಂಗಿ ತಗೊಳ್ಳುವವರೆಲ್ಲ ಸೊಪ್ಪನ್ನು ಮುರಿದು ಅಲ್ಲೇ ಬಿಟ್ಟು ಹೋಗುತ್ತಾರಲ್ಲ, ಆ ಸೊಪ್ಪನ್ನು ನನಗೋಸ್ಕರ ಎತ್ತಿಟ್ಟಿರುತ್ತಾರೆ. ಅದಕ್ಕೆ ದುಡ್ಡಿಲ್ಲ. ಮೇಲೆ ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಕೊಸರು.

ಕೊಸರು ಅನ್ನೋ ಪದವನ್ನು ಈಗಿನ ಮಕ್ಕಳು ಕೇಳಿರೋದೂ ಅನುಮಾನ. ಹತ್ತು ನಿಮಿಷಕ್ಕೆ ಬಾಗಿಲಿಗೆ ತಂದುಕೊಡುವ ಆ್ಯಪಿನಲ್ಲಿ ಕರಿಬೇವಿಗೂ ಒಂದು ಬಿಲ್ಲು, ಅದನ್ನು ತಂದಿದ್ದಕ್ಕೂ ಒಂದು ಬಿಲ್ಲು. ಆ್ಯಪನ್ನು ಬೈಯ್ಯಲು ನಾನು ಕೂತಿಲ್ಲ. ಮಗನಿಗೆ ಜ್ವರ ಬಂದಾಗ ಎಳನೀರು ತರಿಸಿದ್ದು ಅದರಿಂದಲೇ. ಆದರೆ ಒಂದು ಕೊತ್ತಂಬರಿ ಕಟ್ಟಿಗೆ ಅಂತ ತೆರೆದು, ಡೆಲಿವರಿ ಫ್ರೀ ಆಗಲಿ ಅಂತ ಚಿಪ್ಸು, ಬಿಸ್ಕತ್ತು ಸೇರಿಸಿ 199 ಮಾಡಿದವರು ಕೈ ಎತ್ತಿ. ನಾನೂ ಎತ್ತಿದ್ದೇನೆ.

ಈಗ ಬಸ್ಸಾರಿಗೆ ಬರುತ್ತೇನೆ. ದುಡ್ಡು ಉಳಿಸುವ ಅಡುಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆ ಆಗುತ್ತದೆ. ಹೆಸರುಕಾಳೋ, ಅಲಸಂದೆಯೋ, ತೊಗರಿಬೇಳೆಯೋ ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ, ಉಪ್ಪು ಹಾಕಿ ಇನ್ನೊಂದು ಕುದಿ. ಬೇಳೆ ಕರಗಿ ಹೋಗಬಾರದು, ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು ಅಷ್ಟೇ. ಆಮೇಲೆ ನೀರನ್ನು ಬಸಿದುಕೊಳ್ಳಬೇಕು. ಬಸಿದ ಸಾರು, ಅದಕ್ಕೇ ಬಸ್ಸಾರು. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನು ಅಂಚು ಕಪ್ಪಗಾಗುವವರೆಗೆ ಹುರಿಯಿರಿ. ಹೆದರಬೇಡಿ, ಆ ಸ್ವಲ್ಪ ಸೀದ ವಾಸನೆಯೇ ರುಚಿ. ಜೀರಿಗೆ, ನಾಲ್ಕು ಕಾಳು ಮೆಣಸು, ಚೂರು ಕಾಯಿ, ಹುಣಸೆಹಣ್ಣು, ಸಾರಿನ ಪುಡಿ. ಇದರ ಜೊತೆಗೆ ಬೆಂದ ಕಾಳು ಸೊಪ್ಪಿನಿಂದ ಒಂದು ಸೌಟು ತೆಗೆದು ರುಬ್ಬಿ, ಬಸಿದಿಟ್ಟ ನೀರಿಗೆ ಹಾಕಿ ಕುದಿಸಿ. ಆ ಒಂದು ಸೌಟು ಮರೆತರೆ ಸಾರು ನೀರಾಗಿ ನಿಲ್ಲುತ್ತದೆ, ಮುದ್ದೆಗೆ ಹತ್ತುವುದಿಲ್ಲ. ಉಳಿದ ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಒಂದು ಲೋಟ ಕಾಳು, ಇಪ್ಪತ್ತು ರೂಪಾಯಿ ಸೊಪ್ಪು. ರಾತ್ರಿ ಮುದ್ದೆಗೆ ಆಯಿತು, ಬೆಳಗ್ಗೆ ಡಬ್ಬಿಗೂ ಆಯಿತು. ಮಾರನೇ ದಿನದ ಬಸ್ಸಾರಿನ ರುಚಿ ನಿಮಗೆ ಗೊತ್ತಿಲ್ಲದೇ ಇದ್ದರೆ ಪಾಪ ಅನ್ನಿಸುತ್ತದೆ ನನಗೆ.

ಹುರುಳಿಕಾಳಿನದ್ದೂ ಇದೇ ಕಥೆ. ಬಸಿದ ಕಟ್ಟು ಸಾರಿಗೆ, ಕಾಳು ಉಸಲಿಗೆ. ಹೀರೆಕಾಯಿ ಪಲ್ಯಕ್ಕೆ, ಅದರ ಸಿಪ್ಪೆ ಚಟ್ನಿಗೆ. ದಂಟಿನ ಎಲೆ ಮಸ್ಸೊಪ್ಪಿಗೆ, ದಂಟು ಹುಳಿಗೆ. ಇದನ್ನೆಲ್ಲ ಈಗ 'ಜೀರೊ ವೇಸ್ಟ್' ಅಂತ ರೀಲ್ಸಿನಲ್ಲಿ ತೋರಿಸುತ್ತಾರೆ. ನಮ್ಮಜ್ಜಿ ಕೇಳಿದ್ದರೆ ನಗುತ್ತಿದ್ದರು. ಸಿಪ್ಪೆ ಎಸೆದರೆ ಬೈಗುಳ ಬೀಳುತ್ತಿದ್ದ ಕಾಲ ಅದು.

2023ರ ಜುಲೈ ನೆನಪಿದೆಯಾ? ಬೆಂಗಳೂರಿನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ದಾಟಿ ಹೋಗಿತ್ತು. ನಮ್ಮ ಬೀದಿಯಲ್ಲಿ ಎಲ್ಲರದ್ದೂ ಅದೇ ಮಾತು, ಸಾರು ಮಾಡೋದು ಹೇಗೆ ಅಂತ. ನಮ್ಮ ಮನೆಯಲ್ಲಿ ಆ ತಿಂಗಳು ಟೊಮೆಟೊ ಬರಲೇ ಇಲ್ಲ. ಹುಣಸೆಹಣ್ಣು ಇತ್ತಲ್ಲ. ಟೊಮೆಟೊ ಬರುವ ಮುಂಚೆಯೂ ನಮ್ಮವರು ಸಾರು ಉಂಡಿದ್ದಾರೆ. ಅದೇ ವರ್ಷ ಸೆಪ್ಟೆಂಬರಿಗೆ ಬೆಲೆ ನೆಲಕಚ್ಚಿತು. ಆಗ ಮೂರು ಕೆ.ಜಿ. ತಂದು ಗೊಜ್ಜು ಮಾಡಿಟ್ಟೆ. ಆ ಗೊಜ್ಜಿನ ಅರ್ಧಕ್ಕೆ ಬೂಷ್ಟು ಹಿಡಿದದ್ದನ್ನೂ ಹೇಳಿಬಿಡುತ್ತೇನೆ. ಒದ್ದೆ ಚಮಚ ಹಾಕಿದ್ದು ನಮ್ಮನೆಯವರು. ಅವರು ಇದನ್ನು ಓದುತ್ತಾರೆ ಅಂತ ಗೊತ್ತು.

ಎಡವಿದ್ದು ಅದೊಂದೇ ಅಲ್ಲ. ಒಮ್ಮೆ ದೊಡ್ಡ ಅಂಗಡಿಯೊಂದರಲ್ಲಿ ಐದು ಕೆ.ಜಿ. ರವೆಗೆ ಒಂದು ಕೆ.ಜಿ. ಫ್ರೀ ಅಂತ ಬೋರ್ಡು. ನಮ್ಮನೆಯಲ್ಲಿ ಉಪ್ಪಿಟ್ಟು ಅಂದ್ರೆ ಮುಖ ತಿರುಗಿಸುವವರೇ ಜಾಸ್ತಿ. ಆದರೂ ಹೊತ್ತುಕೊಂಡು ಬಂದೆ. ತಂದ ದಿನವೇ ಹುರಿದಿಡಬೇಕು ಅಂತ ಗೊತ್ತಿದ್ದೂ ಸೋಮಾರಿತನ ಮಾಡಿದೆ. ತಿಂಗಳಾದ ಮೇಲೆ ಡಬ್ಬ ತೆಗೆದರೆ ರವೆ ತಾನಾಗೇ ಓಡಾಡುತ್ತಿತ್ತು. ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಎರಡು ಕೆ.ಜಿ. ಉಳಿಸಿಕೊಂಡೆ. ಮಿಕ್ಕಿದ್ದು ಇರುವೆಗೆ, ಗುಬ್ಬಚ್ಚಿಗೆ ಅನ್ನೋಣ ಅಂದ್ರೆ ನಮ್ಮ ಬೀದಿಯಲ್ಲಿ ಗುಬ್ಬಚ್ಚಿಯೂ ಇಲ್ಲ.

ದಿನಸಿಯಲ್ಲಿ ಮೋಸ ಹೋಗೋದು ಇಂಥ ಕಡೆಯೇ. ದೊಡ್ಡ ಪ್ಯಾಕೆಟ್ ಅಂದ್ರೆ ಅಗ್ಗ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ತಿರವೇ ಸಣ್ಣಕ್ಷರದಲ್ಲಿ ಯೂನಿಟ್ ಸೇಲ್ ಪ್ರೈಸ್ ಅಂತ ಹಾಕಿರುತ್ತಾರೆ, ನೋಡಿದ್ದೀರಾ? ಒಂದು ಕೆ.ಜಿ.ಗಿಂತ ಕಡಿಮೆಯಿದ್ದರೆ ಗ್ರಾಮಿಗೆ ಎಷ್ಟು ಅಂತ, ಜಾಸ್ತಿಯಿದ್ದರೆ ಕೆ.ಜಿ.ಗೆ ಎಷ್ಟು ಅಂತ. ಹೋದ ತಿಂಗಳು ತೊಗರಿಬೇಳೆ ನೋಡಿದೆ. ಅರ್ಧ ಕೆ.ಜಿ. ಪ್ಯಾಕೆಟ್ಟಿನಲ್ಲಿ ಗ್ರಾಮಿಗೆ 0.16 ರೂಪಾಯಿ. ಎರಡು ಕೆ.ಜಿ.ಯದರಲ್ಲಿ ಕೆ.ಜಿ.ಗೆ 166. ಒಂದರಲ್ಲಿ ಗ್ರಾಮು, ಇನ್ನೊಂದರಲ್ಲಿ ಕೆ.ಜಿ. ಇದ್ದದ್ದರಿಂದ ಪಕ್ಕಪಕ್ಕ ಇಟ್ಟರೂ ಥಟ್ಟನೆ ಹೊಳೆಯಲ್ಲ. ಸಾವಿರದಿಂದ ಗುಣಿಸಿದರೆ ಚಿಕ್ಕದು 160. ಸೇವಿಂಗ್ಸ್ ಪ್ಯಾಕ್ ಅಂತ ಬರೆದದ್ದು ದೊಡ್ಡದರ ಮೇಲೆ! ನಾಲ್ಕು ಚಿಕ್ಕ ಪ್ಯಾಕೆಟ್ ತಂದೆ.

ಅಕ್ಕಿಯದ್ದು ಇನ್ನೊಂದು ತಮಾಷೆ. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಮೂಟೆಗೆ ಶೇ 5 ಜಿಎಸ್‌ಟಿ ಬಂತು. ಸ್ವಲ್ಪ ದಿನಕ್ಕೆ ಅಂಗಡಿಗಳಲ್ಲಿ 26 ಕೆ.ಜಿ. ಮೂಟೆ ಕಾಣಿಸಿತು. ಒಂದು ಕೆ.ಜಿ. ಜಾಸ್ತಿ, ತೆರಿಗೆ ಇಲ್ಲ. ಈ ಮೂಟೆ ಯಾಕೆ 26 ಅಂತ ನನಗೆ ಬಿಡಿಸಿ ಹೇಳಿದ್ದು ಮೂಟೆ ಹೊರುವ ಹುಡುಗ. "ಗೌರ್ಮೆಂಟ್ ಲೆಕ್ಕ ಅಕ್ಕ, ಭಾರ ಮಾತ್ರ ನನಗೆ" ಅಂದ.

ಎಲ್ಲದರಲ್ಲೂ ಕೈ ಹಿಡಿಯಬೇಕು ಅಂತ ನಾನು ಹೇಳಲ್ಲ. ಕಾಫಿಪುಡಿಯಲ್ಲಿ ಚಿಕೋರಿ ಜಾಸ್ತಿ ಮಾಡಿಸಿ ಉಳಿಸುವ ಇಪ್ಪತ್ತು ರೂಪಾಯಿ ನನಗೆ ಬೇಡ. ಮೆಣಸಿನಕಾಯಿ ಬ್ಯಾಡಗಿಯೇ ಆಗಬೇಕು, ಖಾರಕ್ಕೆ ಒಂದಿಷ್ಟು ಗುಂಟೂರು ಸೇರಿಸಿಕೊಂಡರಾಯಿತು. ಬ್ಯಾಡಗಿ ಹಾಕದ ಸಾರಿನಪುಡಿಗೆ ಆ ಬಣ್ಣ ಬರಲ್ಲ. ಕಲಬುರಗಿ ತೊಗರಿಬೇಳೆ ಸಿಕ್ಕರೆ ಎರಡು ರೂಪಾಯಿ ಜಾಸ್ತಿಯಾದರೂ ತಗೋತೀನಿ. ಬೇಗ ಬೇಯುತ್ತದೆ, ಗ್ಯಾಸು ಉಳಿಯುತ್ತದೆ. ಇನ್ನು ಅವರೆಕಾಯಿ ಕಾಲದಲ್ಲಿ ನನ್ನ ಲೆಕ್ಕವೆಲ್ಲ ಗಾಳಿಗೆ. ಡಿಸೆಂಬರ್ ಶುರುವಿನಲ್ಲಿ ಬೆಲೆ ಎಷ್ಟಿದ್ದರೂ ಮೊದಲ ಸೊಗಡಿನ ಕಾಯಿ ನೋಡಿದ ಮೇಲೆ ಸುಮ್ನೆ ಇರೋಕ್ಕಾಗಲ್ಲ. ಸಂಕ್ರಾಂತಿ ಹೊತ್ತಿಗೆ ಇಳಿಯುತ್ತದೆ, ಕಾಯಬೇಕು ಅಂತ ಗೊತ್ತು. ಗೊತ್ತಿದ್ದೂ ತರುತ್ತೇನೆ. ಹಿತಕಿದ ಬೇಳೆ ಸಾರಿನ ಮುಂದೆ ಯಾವ ಚೀಟಿ, ಯಾವ ಲೆಕ್ಕ!

ಚೌಕಾಸಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಸೊಪ್ಪಿನ ಅಜ್ಜಿ ಹತ್ತಿರ ನಾನು ಕೊಸರಾಡಲ್ಲ, ಕೊಸರು ಕೇಳುತ್ತೇನೆ. ಎರಡೂ ಬೇರೆ. ಒಂದರಲ್ಲಿ ಅವರ ಐದು ರೂಪಾಯಿ ಹೋಗುತ್ತದೆ, ಇನ್ನೊಂದರಲ್ಲಿ ಉಳಿಯದ ಒಂದು ಹಿಡಿ ಸೊಪ್ಪು ನನ್ನ ಮನೆ ಸೇರುತ್ತದೆ.

ಗೆಳತಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವಳು ಒಂದು ವಾರ ಚೀಟಿ ಇಲ್ಲದೆ ಹೋದಳು. ನಿನ್ನೆ ಮೆಸೇಜು ಬಂತು, "530 ಆಯ್ತು ಕಣೆ. ಆದ್ರೆ ಮನೆ ತುಂಬ ಬರೀ ಸೋರೆಕಾಯಿ." ನನಗೆ ನಗಲೂ ಬಾಯಿಲ್ಲ. ನಮ್ಮನೆಯಲ್ಲಿ ಈ ವಾರ ಸೀಮೆಬದನೆ. ಎರಡು ಕೆ.ಜಿ. ಗುಡ್ಡೆ, ಮೂವತ್ತು ರೂಪಾಯಿಗೆ ಬಿಟ್ಟುಬರಲು ಮನಸ್ಸಾಗಲಿಲ್ಲ. ಸೋಮವಾರ ಹುಳಿ, ಮಂಗಳವಾರ ಪಲ್ಯ, ಇವತ್ತು ಸಿಪ್ಪೆ ಚಟ್ನಿ. ಮಗ ತಟ್ಟೆ ನೋಡಿ "ಅಮ್ಮ, ಮಾರ್ಕೆಟ್ಟಲ್ಲಿ ಬೇರೆ ಏನೂ ಬರ್ತಾನೇ ಇಲ್ವಾ?" ಅಂದ. ಇನ್ನೂ ನಾಲ್ಕು ಕಾಯಿ ಉಳಿದಿವೆ. ಏನು ಮಾಡಲಿ ಹೇಳಿ. ಮಜ್ಜಿಗೆಹುಳಿ ಅಂತ ಬರೆಯಬೇಡಿ, ಅದು ನಾಳೆಗೆ.