ಸ್ಪ್ರಿಂಕ್ಲರ್ ಲೈನ್ ಗೊತ್ತಿದ್ದವರಿಗೆ ರೇಡಿಯೇಟರ್ ಹೊಸದಲ್ಲ

ಕೊಡಗಿನಲ್ಲಿ ಮೈ ಕಾಯಿಸಿಕೊಳ್ಳುತ್ತಾರೆ, ಮನೆ ಕಾಯಿಸುವುದಿಲ್ಲ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಬಚ್ಚಲ ಹಂಡೆಯ ಒಲೆಗೆ ಒಣಗಿದ ಕಾಫಿ ಕಟ್ಟಿಗೆ ತುರುಕಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೈ ಒಡ್ಡಿದರೆ ಆಯಿತು. ಹೆಂಚಿನ ಸಂದಿಯಿಂದ ಗಾಳಿ ನುಗ್ಗುತ್ತಿದ್ದರೆ ನುಗ್ಗಲಿ. ಇಲ್ಲಿ ಬ್ರಿಟನ್ನಿನಲ್ಲಿ ಲೆಕ್ಕ ಉಲ್ಟಾ. ಕೋಣೆಗೆ ಕೋಣೆಯೇ 20 ಡಿಗ್ರಿ ಆಸುಪಾಸು ಇರಬೇಕು. ಬೆಂಕಿ ಕಣ್ಣಿಗೆ ಬೀಳುವುದಿಲ್ಲ; ಕಪಾಟಿನೊಳಗಿನ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಕೋಣೆ ಕೋಣೆಯ ಗೋಡೆಗೆ ಕೂರಿಸಿದ ಟೊಳ್ಳು ಲೋಹದ ಹಲಗೆಗೆ, ಅಂದರೆ ರೇಡಿಯೇಟರಿಗೆ, ಸುತ್ತಿಸಿ ವಾಪಸ್ ತರುತ್ತದೆ. ಒಲೆ ಹೊತ್ತದಿದ್ದರೆ ಕಟ್ಟಿಗೆ ಹಸಿ ಅಂತ ಹೊಗೆಯೇ ಹೇಳುತ್ತದೆ. ರೇಡಿಯೇಟರ್ ಏನೂ ಹೇಳುವುದಿಲ್ಲ, ತಣ್ಣಗೆ ಕೂತಿರುತ್ತದೆ.

ಇಲ್ಲಿನವರ ಅಭ್ಯಾಸ, ಕೂಡಲೇ ರಿಪೇರಿಯವನಿಗೆ ಫೋನ್ ಮಾಡುವುದು. ನಮ್ಮ ಕಡೆಯಿಂದ ಬಂದವರೂ ಅದನ್ನೇ ಕಲಿತುಬಿಡುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುವ ತೋಟದ ಮನೆಯವರಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ ಅನ್ನುವುದು ನನ್ನ ವಾದ. ಪಂಪು ಓಡುತ್ತಿದ್ದರೂ ನೀರು ಬರದಿದ್ದರೆ ತೋಟದಲ್ಲಿ ಮೊದಲು ಬರುವ ಮಾತೇ "ಏರ್ ಹಿಡಿದಿದೆ ಮಾರಾಯ" ಅಂತ. ರೇಡಿಯೇಟರಿನ ಅರ್ಧ ಕಾಯಿಲೆ ಅಷ್ಟೇ.

ಬಾಯ್ಲರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಅಂಗೈಯಿಂದ ಮುಟ್ಟಿ ನೋಡಿ. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಬಾಯ್ಲರ್ ಆರಿಸಿ, ನೀರು ತಣಿಯಲು ಬಿಡಿ; ಬಿಸಿ ಇದ್ದಾಗಲೇ ತೆರೆದರೆ ಕೈ ಸುಡುತ್ತದೆ. ಮೇಲಿನ ಮೂಲೆಯಲ್ಲಿರುವ ಚೌಕ ತಲೆಯ ತಿರುಪಿಗೆ ಗಾಳಿ ಬಿಡುವ ಸಣ್ಣ ಕೀಲಿ (ಬ್ಲೀಡ್ ಕೀ) ಹಾಕಿ, ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಅನ್ನುತ್ತದೆ. ನೀರು ಜಿನುಗಿದ ಕೂಡಲೇ ಮುಚ್ಚಿ. ಕೆಳ ಅಂತಸ್ತಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದು ವಾಡಿಕೆ. ಮುಗಿದ ಮೇಲೆ ಬಾಯ್ಲರಿನ ಪ್ರೆಶರ್ ಗೇಜ್ ನೋಡುವುದನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಕಮ್ಮಿಯಿದ್ದರೆ ಬಾಯ್ಲರ್ ಕೆಳಗಿನ ಹೆಣೆದ ಲೋಹದ ಪೈಪಿನ ವಾಲ್ವ್ ತೆರೆದು ನೀರು ತುಂಬಿಸಿ, ಮರೆಯದೆ ಮುಚ್ಚಿ. ಬಿಸಿಯಾದಾಗ 3ಕ್ಕೆ ಏರಿ, ತಣಿದಾಗ ಸೊನ್ನೆಗೆ ಇಳಿಯುತ್ತಿದ್ದರೆ ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಗಾಳಿ ಹೋಗಿರಬಹುದು. ಅದು ನಮ್ಮ ಕೈಕೆಲಸವಲ್ಲ.

ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದು ಉಳಿದವು ಬಿಸಿಯಿದ್ದರೆ, ಪಕ್ಕದಲ್ಲಿರುವ 1ರಿಂದ 5ರವರೆಗಿನ ಅಂಕಿಯ ವಾಲ್ವಿನ ಮೇಲೆ ಅನುಮಾನ. ಬೇಸಿಗೆಯಿಡೀ ಮುಚ್ಚಿದ್ದ ವಾಲ್ವಿನ ಪಿನ್ನು ಅಲ್ಲೇ ಅಂಟಿಕೊಳ್ಳುತ್ತದೆ. 5ಕ್ಕೆ ತಿರುಗಿಸಿ, ಕೆಳಗಿನ ಉಂಗುರ ಸಡಿಲಿಸಿ ತಲೆ ಕಳಚಿದರೆ ನಡುವೆ ಸಣ್ಣ ಲೋಹದ ಕಡ್ಡಿ ಕಾಣುತ್ತದೆ. ಸ್ಪ್ಯಾನರಿನ ಚಪ್ಪಟೆ ಬದಿಯಿಂದ ಮೆಲ್ಲಗೆ ಒತ್ತಿ. ಕೆಲವು ಮಿಲಿಮೀಟರ್ ಒಳಹೋಗಿ ತಾನೇ ಮೇಲೆ ಪುಟಿಯಬೇಕು. ಪುಟಿಯದಿದ್ದರೆ ವಾಲ್ವಿನ ಮೈಗೆ ಲಘುವಾಗಿ ತಟ್ಟಿ, ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಒತ್ತಿ. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಕಿತ್ತು ಬಂದರೆ ಅಲ್ಲಿಂದ ಕಪ್ಪು ನೀರು ಚಿಮ್ಮುತ್ತದೆ. ಇಲ್ಲಿ ಬೇಸಿಗೆ ಶುರುವಾಗುವ ಮೇ ತಿಂಗಳಲ್ಲಿ ವಾಲ್ವನ್ನು ಪೂರ್ತಿ ಮುಚ್ಚುವ ಬದಲು ತೆರೆದಿಟ್ಟರೆ ಇಷ್ಟೆಲ್ಲ ಕಷ್ಟವೇ ಇಲ್ಲ.

ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗಿದ್ದರೆ ಕೆಸರು ಕೂತಿದೆ. ಮಣ್ಣಿನ ಕೆಸರಲ್ಲ, ಉಕ್ಕು ತುಕ್ಕು ಹಿಡಿದು ಬಂದ ಕಪ್ಪು ಕಬ್ಬಿಣದ ಆಕ್ಸೈಡ್ ಪುಡಿ, ಅಯಸ್ಕಾಂತಕ್ಕೆ ಅಂಟುವಂಥದ್ದು. ಅದೇ ತುಕ್ಕಿನಿಂದ ಜಲಜನಕವೂ ಹುಟ್ಟುತ್ತದೆ. ಹಾಗಾಗಿ ಒಂದೇ ರೇಡಿಯೇಟರಿನ ಗಾಳಿ ಪದೇಪದೇ ಬಿಡಬೇಕಾಗಿ ಬಂದರೆ ಬರೀ ಗಾಳಿ ಅಂದುಕೊಳ್ಳಬಾರದು. ಎರಡೂ ಕಡೆಯ ವಾಲ್ವ್ ಮುಚ್ಚಿ, ನೀರು ಬಸಿದು, ಇಬ್ಬರು ಹೊತ್ತು ಅಂಗಳಕ್ಕೆ ಒಯ್ದು ಪೈಪಿನಲ್ಲಿ ತೊಳೆಯಬೇಕು. ತಳಕ್ಕೆ ಹಳೆ ಟವಲು ಹಾಸಿ. ಕಾರ್ಪೆಟ್ಟಿಗೆ ಆ ಕಪ್ಪು ತಗುಲಿದರೆ ಹೋಗುವುದಿಲ್ಲ. ತೊಳೆದ ಮೇಲೆ ತುಕ್ಕು ತಡೆಯುವ ದ್ರವ, ಸಾಮಾನ್ಯವಾಗಿ 100 ಲೀಟರ್ ನೀರಿಗೆ 1 ಲೀಟರ್, ಹಾಕಲೇಬೇಕು. ಬಾಡಿಗೆ ಮನೆಯಲ್ಲಿರುವವರು ಇದಕ್ಕೆ ಕೈ ಹಾಕದಿರುವುದು ಮೇಲು. ಅದು ಮಾಲೀಕರ ಜವಾಬ್ದಾರಿ, ಪತ್ರ ಬರೆದು ಕೇಳಿ.

ಇನ್ನು ತೋಟದವರಿಗೆ ತೀರಾ ಪರಿಚಿತ ಕಾಯಿಲೆ. ಪಂಪಿನ ಹತ್ತಿರದ ಸ್ಪ್ರಿಂಕ್ಲರ್ ಭರ್ರನೆ ತಿರುಗುತ್ತದೆ, ಲೈನಿನ ಕೊನೆಯದು ತೊಟ್ಟಿಕ್ಕುತ್ತದೆ. ರೇಡಿಯೇಟರಿನಲ್ಲೂ ಅಷ್ಟೆ: ಬಾಯ್ಲರಿನ ಹತ್ತಿರದ್ದು ಸುಡುತ್ತದೆ, ತುದಿಯ ಕೋಣೆಯದು ಉಗುರು ಬೆಚ್ಚಗೆ. ಅಂಕಿಯಿರುವ ವಾಲ್ವಿನ ಎದುರು ತುದಿಯಲ್ಲಿ ಪ್ಲಾಸ್ಟಿಕ್ ಟೊಪ್ಪಿ ಹಾಕಿದ ಇನ್ನೊಂದು ವಾಲ್ವ್ ಇರುತ್ತದೆ, ಹೆಸರು ಲಾಕ್‌ಶೀಲ್ಡ್. ಅಂಕಿಯ ವಾಲ್ವ್‌ಗಳನ್ನೆಲ್ಲ 5ಕ್ಕೆ ಇಟ್ಟು, ಹತ್ತಿರದ ರೇಡಿಯೇಟರಿನ ಲಾಕ್‌ಶೀಲ್ಡನ್ನು ಪೂರ್ತಿ ಮುಚ್ಚಿ. ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಡಿ, ಕೈ ತಪ್ಪಿದರೆ ಹಿಂದಿನ ಸ್ಥಿತಿಗೆ ಬರಲು ಬೇಕಾಗುತ್ತದೆ. ಆಮೇಲೆ ಕಾಲು ಸುತ್ತು ತೆರೆಯಿರಿ. ದೂರ ಹೋದಂತೆಲ್ಲ ಹೆಚ್ಚು ತೆರೆಯುತ್ತಾ ಹೋಗಿ, ತುದಿಯದನ್ನು ಪೂರ್ತಿ ಬಿಡಿ. ಒಳಬರುವ ಮತ್ತು ಹೊರಹೋಗುವ ಪೈಪಿನ ನಡುವೆ ಸುಮಾರು 11-12 ಡಿಗ್ರಿ ಅಂತರ ಬಂದರೆ ಸಾಕು ಅನ್ನುವುದು ಹಳೆಯ ಲೆಕ್ಕ; ಹೊಗೆಯ ಶಾಖವನ್ನೂ ಬಳಸಿಕೊಳ್ಳುವ ಈಗಿನ ಕಂಡೆನ್ಸಿಂಗ್ ಬಾಯ್ಲರಿಗೆ 20ರವರೆಗೂ ಇಡುತ್ತಾರೆ. ಪ್ರತಿ ತಿರುಗಣೆಯ ನಂತರ ಕಾಲು ಗಂಟೆ ಕಾಯಬೇಕು. ಅವಸರ ಮಾಡಿದರೆ ಕೆಲಸ ಕೆಡುತ್ತದೆ.

ಎಲ್ಲವೂ ತಣ್ಣಗಿದ್ದರೆ ರೇಡಿಯೇಟರ್ ಮುಟ್ಟಲೇಬೇಡಿ. ಗೋಡೆಯ ಥರ್ಮೋಸ್ಟಾಟ್, ಟೈಮರ್, ಪ್ರೀಪೇಯ್ಡ್ ಮೀಟರಿನಲ್ಲಿ ಉಳಿದ ಹಣ, ಗೇಜು ನೋಡಿ. ಹೊರಗೆ ಹೆಪ್ಪುಗಟ್ಟುವ ಚಳಿಯಿದ್ದು ಬಾಯ್ಲರ್ ಗಳಗಳ ಅನ್ನುತ್ತಿದ್ದರೆ ಬಾಯ್ಲರಿನ ನೀರು ಹೊರಬಿಡುವ ಹೊರಗೋಡೆಯ ಸಣ್ಣ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ಹೆಪ್ಪಾಗಿರಬಹುದು, ಪೈಪಿನ ಮೇಲೆ ಬೆಚ್ಚಗಿನ ನೀರು ಹೊಯ್ಯಿರಿ, ಕುದಿಯುವುದು ಬೇಡ. ಬಾಯ್ಲರಿನ ಮುಚ್ಚಳ ಮಾತ್ರ ತೆಗೆಯುವಂತಿಲ್ಲ, ಅದಕ್ಕೆ ನೋಂದಾಯಿತ ಗ್ಯಾಸ್ ಎಂಜಿನಿಯರ್ ಬೇಕು. ಇದೊಂದು ವಿಷಯದಲ್ಲಿ ಇಲ್ಲಿನ ಕ್ರಮವೇ ಸರಿ.

ಮಡಿಕೇರಿ ಕಡೆ ಹೋಮ್‌ಸ್ಟೇ ಕಟ್ಟುವವರು ಇಂಥ ವ್ಯವಸ್ಥೆ ಹಾಕಿಸುವ ಯೋಚನೆಯಲ್ಲಿದ್ದರೆ ನನಗೆ ಒಪ್ಪಿಗೆಯಿಲ್ಲ. ಮಾಡು ಹೆಂಚಿನದಾಗಿದ್ದು ಸೀಲಿಂಗ್ ಇಲ್ಲದಿದ್ದರೆ ಕಾದ ಗಾಳಿ ನೇರ ಹೆಂಚಿನ ಸಂದಿಯಿಂದ ಹೊರಬೀಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ, ಬಾಯ್ಲರೂ ನಿಲ್ಲುತ್ತದೆ, ಅದೂ ಚಳಿ ಜೋರಿರುವಾಗಲೇ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಅದಕ್ಕಿಂತ ಕೆಟ್ಟದ್ದು: ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೂ ಇಲ್ಲ. ಬ್ರಿಟನ್ನಿನಿಂದ ಊರಿಗೆ ಹೋಗುವಾಗ ಚಾಕೊಲೇಟಿನ ಜೊತೆ ಆ ಅನಿಲಕ್ಕೆ ಕೂಗುವ ಬ್ಯಾಟರಿ ಅಲಾರಂ ಒಂದನ್ನೂ ಪೆಟ್ಟಿಗೆಗೆ ಹಾಕಿಕೊಳ್ಳಿ.